ಪುಟ್ಟಮಾದಮ್ಮನ ಕುಪ್ಪಸ

ಪುಟ್ಟಮಾದಮ್ಮನ ಸೆರಗಿನ ಮೇಲೆ ಕಲೆ ಇರುವುದನ್ನು ಮೊದಲು ಕಂಡವಳು ಅತ್ತೆ ವೀರಮ್ಮ. ರಾಗಿ ಬೀಸುತ್ತಿದ್ದ ಸೊಸೆ ಹಿಟ್ಟು ಬಳಿಯಲು ಬಗ್ಗಿದಾಗ ಎಡ ಎದೆಯ ಮೇಲೆ ಬಿಳಿ ಸೀರೆ ಒದ್ದೆಯಾಗಿತ್ತು. ನೀರಿನ ಒದ್ದೆಯಲ್ಲ. ಅಂಚಿನಲ್ಲಿ ಹಳದಿಯಾಗಿ ಒಣಗುತ್ತಿದ್ದ ಒದ್ದೆ. ವೀರಮ್ಮ ಹತ್ತಿರ ಬಂದು ನೋಡಿದಳು. ಹೋಗಿ ಬಾಗಿಲು ಮುಂದೆ ಮಾಡಿ ಬಂದು ಪಿಸುಗುಟ್ಟಿದಳು.

“ಯಾರ್ದೇ?”

ಅತ್ತೆ ಕೇಳಿದ್ದೇನೆಂದು ಪುಟ್ಟಮಾದಮ್ಮನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಸೆರಗು ಎಳೆದು ಕಲೆ ಮುಚ್ಚಿಕೊಂಡಳು.

“ಬೊಗಳೇ ಮುಂಡೆ. ಎದೇಲಿ ಹಾಲು ಬಂದದೆ ಅಂದ್ರೆ ಒಟ್ಟೇಲಿ ಏನೋ ಅದೆ. ಯಾರ್ದು?”

ರಾವಂದೂರು ಹೋಬಳಿಯ ಆ ಊರಿನವರು ಮೊದಲ ಸಲ ಓಟು ಹಾಕಿದ ಮರುವರ್ಷದ ಮಾತು ಇದು. ಪುಟ್ಟಮಾದಮ್ಮನೂ ಓಟು ಹಾಕಿದ್ದಳು. ಭಾವ ಷಣ್ಮುಖಪ್ಪ ತೋರಿಸಿದ ಪೆಟ್ಟಿಗೆಗೆ ಹಾಕಿದ್ದಳು. ಸರ್ಕಾರ ಅವಳಿಗೆ ಓಟು ಕೊಟ್ಟಿತ್ತು. ಮನೆಯವರು ಮೈಮೇಲೆ ಒಂದು ಕುಪ್ಪಸ ಬಿಟ್ಟಿರಲಿಲ್ಲ.

ಅವಳ ಗಂಡ ಬೆಟ್ಟಸ್ವಾಮಿ ಹೆಗ್ಗಡದೇವನಕೋಟೆಯ ಕಾಡಿನಿಂದ ಮರದ ನಾಟಾ ತರುತ್ತಿದ್ದ ಲಾರಿ ಮಗುಚಿ ಸತ್ತಿದ್ದ. ಮಕ್ಕಳಿರಲಿಲ್ಲ. ತಿಥಿಯ ದಿನ ಬಳೆ ಒಡೆದರು, ತಾಳಿ ತೆಗೆದರು, ಕುಪ್ಪಸ ಬಿಚ್ಚಿಸಿದರು. ಒಮ್ಮೆ ಬಿಚ್ಚಿದ ಮೇಲೆ ಸಾಯುವ ತನಕ ತೊಡುವಂತಿಲ್ಲ. ಆ ಮನೆತನದಲ್ಲಿ ಗಂಡ ಸತ್ತವಳು ಬಿಳಿ ಸೀರೆಯ ಸೆರಗನ್ನೇ ಎದೆಗೆ ಬಿಗಿಯಾಗಿ ಸುತ್ತಿಕೊಂಡು ಉಳಿದ ಆಯುಷ್ಯ ಕಳೆಯಬೇಕು. ವೀರಮ್ಮ ಹಾಗೆಯೇ ಕಳೆದಿದ್ದಳು. ಷಣ್ಮುಖಪ್ಪ ಕಂಕುಳ ಕೂಸಾಗಿದ್ದಾಗಲೇ, ಬೆಟ್ಟಸ್ವಾಮಿ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಅವಳ ಕುಪ್ಪಸ ಹೋಗಿತ್ತು. ಬಗ್ಗಿ ನಾಟಿ ಹಾಕುವಾಗ, ಕಳೆ ಕೀಳುವಾಗ, ನೀರು ಸೇದುವಾಗ, ಒಂದು ಕೈ ಕೆಲಸಕ್ಕೆ, ಒಂದು ಕೈ ಸೆರಗಿಗೆ. ಇದಕ್ಕೆ ಮರ್ಯಾದೆ ಅಂತ ಹೆಸರು.

ಎದೆಯಲ್ಲಿ ಗೆಡ್ಡೆ ಕೈಗೆ ಸಿಕ್ಕಿದ್ದು ಹಿಂದಿನ ವರ್ಷದ ಚಳಿಗಾಲದಲ್ಲಿ, ಸ್ನಾನ ಮಾಡುವಾಗ. ಅಡಿಕೆಯಷ್ಟಿತ್ತು. ಒತ್ತಿದರೆ ಜಾರುತ್ತಿರಲಿಲ್ಲ, ನೋಯುತ್ತಲೂ ಇರಲಿಲ್ಲ. ನೋಯದ ಮೇಲೆ ಏನಿರುತ್ತದೆ ಅಂದುಕೊಂಡಳು. ಅದು ಬೆಳೆಯಿತು. ಮೊಲೆತೊಟ್ಟು ಒಳಗೆ ಎಳೆದುಕೊಂಡಿತು. ಆಮೇಲೆ ಅದರಿಂದ ಏನೋ ಜಿನುಗತೊಡಗಿತು.

ಅವಳು ಯಾರಿಗೂ ಹೇಳಲಿಲ್ಲ. ಪಕ್ಕದ ಊರಿನ ಸುನಂದಮ್ಮನ ಕಥೆ ಅವಳಿಗೆ ಗೊತ್ತಿತ್ತು. ಆಕೆಯೂ ಗಂಡ ಸತ್ತವಳು. ಹೊಟ್ಟೆ ಉಬ್ಬಿತೆಂದು ಊರ ಹೊರಗೆ ಹಾಕಿದ್ದರು. ಅದು ಬಸುರಲ್ಲ, ಜಲೋದರ ಅಂತ ಆಮೇಲೆ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಸುನಂದಮ್ಮ ಬಾವಿಗೆ ಬಿದ್ದಾಗಿತ್ತು. ಗಂಡನಿಲ್ಲದವಳ ಎದೆ ಒದ್ದೆಯಾದರೆ ಊರು ಅದನ್ನು ಕಾಯಿಲೆ ಅನ್ನುವುದಿಲ್ಲ. ಹಾಗಾಗಿ ಪುಟ್ಟಮಾದಮ್ಮ ಬೆಳಿಗ್ಗೆ ಎದ್ದು ಹಿತ್ತಿಲಿನ ಹರಳೆಲೆ ಕಿತ್ತು ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಕುಪ್ಪಸವಿದ್ದಿದ್ದರೆ ಎಲೆ ನಿಲ್ಲುತ್ತಿತ್ತು. ಇಲ್ಲದ್ದಕ್ಕೆ ಬಗ್ಗಿದಾಗಲೆಲ್ಲ ಜಾರುತ್ತಿತ್ತು. ಅವತ್ತು ರಾಗಿಕಲ್ಲಿನ ಪಕ್ಕಕ್ಕೆ ಜಾರಿ ಬಿದ್ದಿತ್ತು.

“ಯಾರ್ದೂ ಅಲ್ಲ ಅತ್ತೆ. ಗೆಡ್ಡೆ ಅದೆ,” ಅಂದಳು.

“ಗೆಡ್ಡೆಯೋ ಗೆಣಸೋ, ನೋಡಾಕ್ ಬರೋರು ಏಳ್ತಾರೆ ಬುಡು.”

ನೋಡಲು ಬಂದವಳು ಸೂಲಗಿತ್ತಿ ಅಂಕಮ್ಮ. ಹೊಲಗೇರಿಯವಳು. ಈ ಮನೆಯ ಹಿರಿಸೊಸೆ ಮಂಗಳಗೌರಿಯ ಹೆರಿಗೆಗಳನ್ನೆಲ್ಲ ಅವಳೇ ಮಾಡಿಸಿದ್ದಳು. ಹೆರಿಗೆಗೆ ಬೇಕಾದವಳು ಮನೆಯೊಳಗೆ ಬರುವಂತಿರಲಿಲ್ಲವಾದ್ದರಿಂದ ಆ ಹೆರಿಗೆಗಳೂ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಆಗಿದ್ದವು. ಪುಟ್ಟಮಾದಮ್ಮನನ್ನೂ ಅಲ್ಲಿಗೇ ಕರೆದೊಯ್ದರು. ಮಂಗಳಗೌರಿ ಬಾಗಿಲಲ್ಲಿ ನಿಂತಳು. ವೀರಮ್ಮ ಸೆರಗು ಎಳೆಯಬೇಕಾಗಲಿಲ್ಲ.

“ಬಿಚ್ಚು,” ಅಂದಳು. ಪುಟ್ಟಮಾದಮ್ಮ ಬಿಚ್ಚಿದಳು.

ಅಂಕಮ್ಮ ಹೊಟ್ಟೆ ಒತ್ತಿ ನೋಡಿದಳು. ಕೆಳಗೆ ನೋಡಿದಳು. ಎದೆ ನೋಡಿದಳು. ಅವಳ ಕೈ ಒಂದು ಕಡೆ ನಿಂತು ಹೋಯಿತು. ಪುಟ್ಟಮಾದಮ್ಮ ಮಾಡಿನ ಹೆಂಚು ನೋಡುತ್ತಾ ಮಲಗಿದ್ದಳು. ಇದು ತನ್ನ ಮೈ ಅಲ್ಲ, ಯಾರೋ ಕಟ್ಟಿಹಾಕಿ ಹೋದ ದನ ಅನ್ನಿಸಿತು. ಹೊರಗಿನಿಂದ ಷಣ್ಮುಖಪ್ಪ ಕೂಗಿದ. “ಏನಂತಮ್ಮಿ?”

“ಬಸುರಲ್ಲ ಬುದ್ಧೀ,” ಅಂಕಮ್ಮ ಅಂದಳು. “ಕಾಯ್ಲೆ. ಎದೇಲಿ ಕಲ್ಲಿದ್ದಂಗದೆ. ಆಸ್ಪತ್ರೆಗೆ ತೋರ್ಸಿ.”

ಮಂಗಳಗೌರಿ “ಸದ್ಯ!” ಅಂದಳು. ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಷಣ್ಮುಖಪ್ಪ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಹೆಂಗಸಿನ ಎದೆಯಲ್ಲಿ ಸಾವು ಕೂತಿದೆ ಅನ್ನುವ ಸುದ್ದಿಗೆ ಆ ಮನೆ ನಿಟ್ಟುಸಿರು ಬಿಟ್ಟಿತು. ಪಾಯಸ ಮಾಡಲಿಲ್ಲ, ಅಷ್ಟೆ. ಹೊಲಗೇರಿಯವಳು ಮುಟ್ಟಿದ್ದಕ್ಕೆ ಪುಟ್ಟಮಾದಮ್ಮ ತಲೆಗೆ ನೀರು ಹಾಕಿಕೊಳ್ಳಬೇಕಾಯಿತು.

ಆಸ್ಪತ್ರೆ ಅಂದರೆ ದೂರ. ಹೊಗೆಸೊಪ್ಪಿನ ಕೆಲಸ ಮುಗಿಯಲಿ ಅಂದರು. ಮುಗಿದ ಮೇಲೆ ರಾಗಿ ಕೊಯ್ಲು ಬಂತು. ಅಷ್ಟರಲ್ಲಿ ಗಾವಡಗೆರೆ ಕಡೆಯಿಂದ ನಾಟಿ ವೈದ್ಯ ಕಂಠಪ್ಪ ಬಂದ. ಬರೆ ಹಾಕಿದರೆ ಗೆಡ್ಡೆ ಕರಗುತ್ತದೆ ಅಂದ. ಆದರೆ ಗಂಡನಿಲ್ಲದ ಹೆಂಗಸಿನ ಎದೆಯನ್ನು ತಾನು ನೋಡುವುದು ಸಲ್ಲದು ಅಂದ. ಗೋಡೆಗೆ ಮುಖ ಮಾಡಿ ನಿಂತು, ಕಾಯಿಸಿದ ಕಬ್ಬಿಣವನ್ನು ಹಿಂದಕ್ಕೆ ಚಾಚಿ ವೀರಮ್ಮನ ಕೈಗೆ ಕೊಟ್ಟ. ಹಾಕಿದವಳು ವೀರಮ್ಮ. ಮೂರು ಗೆರೆ. ಪುಟ್ಟಮಾದಮ್ಮ ಬಾಯಲ್ಲಿ ಸೆರಗು ಕಚ್ಚಿಕೊಂಡಿದ್ದಳು. ಬರೆ ಹಾಕಿದ ಜಾಗ ಮಾಯಲಿಲ್ಲ. ಅಲ್ಲೇ ಬಿರಿದು ಹುಣ್ಣಾಯಿತು. ಹುಣ್ಣು ಕೊಳೆಯಿತು. ವಾಸನೆ ಅಡಿಗೆಮನೆಗೆ ಬಂದ ಮೇಲೆ ಷಣ್ಮುಖಪ್ಪ ಬಸ್ಸು ಹತ್ತಿಸಿದ.

ಮೈಸೂರಿನ ಒಂದು ಆಸ್ಪತ್ರೆ. ಡಾಕ್ಟರು ಕಂಕುಳು ಒತ್ತಿದರು. ಬೆನ್ನುಮೂಳೆಯ ಮೇಲೆ ಬೆರಳು ತಟ್ಟಿದರು. “ಯಾಕೆ ಇಷ್ಟು ದಿನ ಬಿಟ್ಟಿರಿ?” ಅಂತ ಕೇಳಿದರು.

“ಅವ್ಳು ಏಳ್ಲೇ ಇಲ್ಲ ಸ್ವಾಮಿ,” ಅಂದ ಷಣ್ಮುಖಪ್ಪ.

ಪುಟ್ಟಮಾದಮ್ಮ ನೆಲ ನೋಡುತ್ತಾ ಕೂತಿದ್ದಳು. ಡಾಕ್ಟರು ಷಣ್ಮುಖಪ್ಪನನ್ನು ಆಚೆಗೆ ಕರೆದುಕೊಂಡು ಹೋಗಿ ಮಾತಾಡಿದರು. ಕಾಯಿಲೆ ಅವಳದು, ಮಾತು ಅವನಿಗೆ. ಹುಣ್ಣು ತೊಳೆಯಲು ಬಂದ ನರ್ಸಮ್ಮ ಮಲಯಾಳದವಳು. ಕನ್ನಡ ಎಳೆದೆಳೆದು ಆಡುತ್ತಿದ್ದಳು. ಪುಟ್ಟಮಾದಮ್ಮ ಅವಳ ಕೈ ಹಿಡಿದುಕೊಂಡಳು.

“ಅವ್ವಾ, ಅವ್ರಿಗೆ ಏಳಿದ್ದ ನಂಗೂ ಏಳವ್ವ.”

ನರ್ಸಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಳು. “ಇದು ಕ್ಯಾನ್ಸರ್ ಅಮ್ಮ. ಕಂಕುಳಿಗೆ ಹೋಗಿದೆ. ಮೂಳೆಗೂ ಹೋಗಿದೆ. ಈಗ ಕೊಯ್ದರೂ ಪ್ರಯೋಜನ ಇಲ್ಲ. ವಾಸಿ ಆಗೋದಿಲ್ಲ.”

“ಸಾಯ್ತೀನಾ?”

“ಸಾಯ್ತೀರಿ. ನಾಳೆ ಅಲ್ಲ. ಒಂದು ವರ್ಷ ಇರಬಹುದು, ಇಲ್ಲದೇ ಇರಬಹುದು.”

“ಇದು ಅಂಟು ರೋಗವಾ?”

“ಅಲ್ಲ. ಯಾರಿಗೂ ಅಂಟೋದಿಲ್ಲ. ನೀವು ಮಾಡಿದ ತಪ್ಪಿಂದ ಬಂದದ್ದೂ ಅಲ್ಲ.”

ಪುಟ್ಟಮಾದಮ್ಮ ಅಳುತ್ತಾಳೆ ಎಂದು ನರ್ಸಮ್ಮ ಕಾದಳು. ಅವಳು ಅಳಲಿಲ್ಲ. ಮುಂದಿನ ಕೆಲಸವೇನು ಅನ್ನುವ ಹಾಗೆ ನೋಡಿದಳು. ನರ್ಸಮ್ಮ ಹೇಳಿಕೊಟ್ಟಳು. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ದಿನಾ ತೊಳೆಯಬೇಕು. ಮೆತ್ತನೆ ಹತ್ತಿ, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ ಇಡಬೇಕು. ಅದು ಜಾರದ ಹಾಗೆ ಮೇಲೆ ಬಿಗಿಯಾಗಿ ರವಿಕೆ ತೊಡಬೇಕು. ಆಗ ಕೀವು ಸೋರೋದಿಲ್ಲ, ವಾಸನೆ ಅಷ್ಟಾಗಿ ಬರೋದಿಲ್ಲ, ಎಲ್ಲರ ಜೊತೆ ಕೂತು ಕೆಲಸ ಮಾಡಬಹುದು.

“ನಾನ್ ರವಿಕೆ ತೊಡಂಗಿಲ್ಲವ್ವ.”

“ಯಾಕೆ?”

“ಗಂಡ ಸತ್ತವ್ನೆ.”

ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಬಟ್ಟೆ ಸುತ್ತಿ ಕಟ್ಟಿ ಕಳಿಸಿದಳು. ಬಸ್ಸು ಹುಣಸೂರು ದಾಟುವ ಹೊತ್ತಿಗೆ ಕಟ್ಟು ಸೊಂಟಕ್ಕೆ ಜಾರಿತ್ತು.

ಮನೆಗೆ ಬಂದ ಮೇಲೆ ಅವಳ ಚಾಪೆ ಕೊಟ್ಟಿಗೆಗೆ ಹೋಯಿತು. ಊಟ ಎಲೆಯಲ್ಲಿ ಬಂದು ಹೊಸ್ತಿಲ ಮೇಲೆ ಕೂರುತ್ತಿತ್ತು. ಸಗಣಿ ಬಾಚುವುದು, ಗಂಜಲದ ಗುಂಡಿ ತುಂಬುವುದು ಅವಳ ಕೆಲಸ. ಅದಕ್ಕೆ ಕಾಯಿಲೆ ಅಡ್ಡ ಬರುವುದಿಲ್ಲವೆಂದು ಮನೆಯವರ ಲೆಕ್ಕ. ಎಡಗೈ ಊದಿ ಬಾಳೆದಿಂಡಾಗಿತ್ತು. ಒಂದೂವರೆ ಕೈಯಲ್ಲಿ ಸಗಣಿ ಬಾಚಿದಳು. ನೋವು ಬೆನ್ನಲ್ಲಿ ಇತ್ತು, ಇರಲಿ ಅಂತ ಬಿಟ್ಟಳು. ಸಾವು ಅಂದರೂ ಅಷ್ಟೇ. ಅದರ ಬಗ್ಗೆ ಅವಳಿಗೆ ಹೆದರಿಕೆ ಬರಲೇ ಇಲ್ಲ. ಹೆದರುವ ಜಾಗ ಯಾವತ್ತೋ ಮರಗಟ್ಟಿತ್ತು.

ಒಂದೇ ಒಂದು ಬೇಕಿತ್ತು. ಆಷಾಢ ಕಳೆದರೆ ಹೊಗೆಸೊಪ್ಪು ಮುರಿಯುವ ಕಾಲ. ಸೊಪ್ಪನ್ನು ಒಲೆಯ ಶಾಖಕ್ಕೆ ಒಣಗಿಸುವ ಬೇಯಿಸುವ ಮನೆಯ ಮುಂದೆ ಚಪ್ಪರ ಹಾಕುತ್ತಾರೆ. ಹತ್ತಾರು ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕೋಲಿಗೆ ಕಟ್ಟುತ್ತಾರೆ. ಕೈ ಅಂಟಾಗಿ ಕಪ್ಪಾಗುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಯಾರ ಸೊಸೆ ತವರಿಗೆ ಓಡಿದಳು, ಯಾರ ಎಮ್ಮೆ ಯಾರ ಹೊಲ ಮೇಯಿತು, ಎಲ್ಲ ಅಲ್ಲೇ. ಆ ಸಾಲಿನಲ್ಲಿ ಯಾರೂ ಅವಳನ್ನು ಮುಂಡೆ ಅನ್ನುತ್ತಿರಲಿಲ್ಲ. ಮಾದಕ್ಕ ಅನ್ನುತ್ತಿದ್ದರು. ಇರುವಷ್ಟು ದಿನ ಆ ಸಾಲಿನಲ್ಲಿ ಕೂರಬೇಕು. ದನದ ನಡುವೆ ಅಲ್ಲ, ಜನದ ನಡುವೆ ಕೂತು ಸಾಯಬೇಕು. ಅದಕ್ಕೆ ಕುಪ್ಪಸ ಬೇಕು.

ಕೇಳಿದಳು. ಜನ್ಮದಲ್ಲಿ ಆ ಮನೆಯವರನ್ನು ಏನನ್ನೂ ಕೇಳದವಳು ಹೊಸ್ತಿಲಾಚೆ ನಿಂತು ಕೇಳಿದಳು.

“ಅತ್ತೆ, ಒಂದು ಹಳೇ ಕುಪ್ಪಸ ಇದ್ರೆ ಕೊಡ್ಸಿ. ಅಕ್ಕಂದು ಅರ್ದೋಗಿರೋದಾದ್ರೂ ಸರಿ. ಹತ್ತಿ ನಿಲ್ತಿಲ್ಲ.”

ವೀರಮ್ಮ ಮುಖ ತಿರುಗಿಸಿದಳು. “ನಾನ್ ತೊಟ್ಟಿದ್ದೀನಾ? ಇಷ್ಟ್ ವರ್ಸ ನಾನ್ ಸತ್ನಾ? ಸಾಯೋ ಕಾಲಕ್ಕೆ ಸಿಂಗಾರ ಬ್ಯಾರೆ ಕೇಡು.”

ಷಣ್ಮುಖಪ್ಪ ಒಳ್ಳೆಯವನು ಅನ್ನಿಸಿಕೊಳ್ಳಬೇಕಲ್ಲ, ಮಠದ ಅಯ್ಯನವರಾದ ವೀರಭದ್ರಸ್ವಾಮಿಗಳನ್ನು ಕೇಳಿ ಬಂದ. ಅಯ್ಯನವರು ಬಹಳ ಯೋಚನೆ ಮಾಡಿದರಂತೆ. ಹುಣ್ಣಿಗೆ ಅರಿಸಿನ ಹಚ್ಚಬಹುದು, ಮೈಗೆ ಹಚ್ಚಬಾರದು. ಸುತ್ತಿಕೊಳ್ಳುವ ಬಟ್ಟೆ ಸುತ್ತಿಕೊಳ್ಳಬಹುದು, ಹೊಲಿದದ್ದು ಕೂಡದು. ಹುಣ್ಣು ಎಲ್ಲಿ ಮುಗಿಯುತ್ತದೆ, ಮೈ ಎಲ್ಲಿ ಶುರುವಾಗುತ್ತದೆ ಎಂದು ಅವರು ಹೇಳಲಿಲ್ಲ. ಅವರಿಗೆ ಅದನ್ನು ನೋಡುವ ಅಗತ್ಯವಿರಲಿಲ್ಲ. ಪುಟ್ಟಮಾದಮ್ಮ ಬಟ್ಟೆ ಸುತ್ತಿಕೊಂಡಳು. ಒಂದು ಮಂಕರಿ ಸಗಣಿ ಎತ್ತುವಷ್ಟರಲ್ಲಿ ಅದು ಜಾರಿತು.

ಅಂಕಮ್ಮ ಒಂದು ಮಧ್ಯಾಹ್ನ ಕೊಟ್ಟಿಗೆಯ ಹಿಂದಿನ ಬೇಲಿಯ ಹತ್ತಿರ ಬಂದು ಕೂತಳು. ಸೊಂಟದಿಂದ ಒಂದು ಗಂಟು ತೆಗೆದಳು. ಬಿಚ್ಚಿದರೆ ಕೆಂಪು ಬಟ್ಟೆಯ ತುಂಡುಗಳು. ಮಡಿಕೆ ಮುರಿಯದ ಹೊಸ ಕಣ, ಕುಪ್ಪಸಕ್ಕೆಂದು ಕೊಡುವ ಬಟ್ಟೆ.

“ಏನೇ ಇದು?”

“ನಿಮ್ಮನೇವೇ ಕಣವ್ವಾ. ನಿಮ್ಮಕ್ಕಾರು ಹೆತ್ತಾಗೆಲ್ಲಾ ನಿಮ್ಮತ್ಯಾರು ಒಂದು ಮೊರ ರಾಗಿ, ಒಂದು ಕಣ ಕೊಟ್ರು. ಕೊಟ್ರು ಅಂದ್ರೆ ಎಸುದ್ರು, ನಾನ್ ಎತ್ಕಂಡೆ. ಒಲುಸ್ಕಂಡು ನಾನ್ ಯಾವ್ ಮದ್ವೆಗ್ ಓಗ್ಬೇಕು? ಮಡ್ಗಿದ್ದೆ.”

ಪುಟ್ಟಮಾದಮ್ಮ ಕೈ ಚಾಚಲಿಲ್ಲ.

“ನಾನ್ ಮುಟ್ಟಿರೋದು ಅಂತ ನೋಡ್ತಿದ್ದೀರಾ?”

“ನನ್ ಎದೇನೇ ಮುಟ್ಟಿದ್ದೀಯೆ. ಬಟ್ಟೆ ಯಾವ ಲೆಕ್ಕ.” ಬಟ್ಟೆಯ ಅಂಚು ಮುಟ್ಟಿ ನೋಡುತ್ತಾ ಕೇಳಿದಳು. “ನಿಮ್ಮಲ್ಲಿ ಗಂಡ ಸತ್ರೆ ಕುಪ್ಪಸ ಬಿಚ್ಚಾಕಲ್ವಾ?”

“ಇದ್ರಲ್ವಾ ಬಿಚ್ಚಾಕದು,” ಅಂದಳು ಅಂಕಮ್ಮ.

ಇಬ್ಬರೂ ನಕ್ಕರು. ನಗುವಾಗ ಪುಟ್ಟಮಾದಮ್ಮನ ಪಕ್ಕೆ ಹಿಡಿದುಕೊಂಡಿತು.

“ಅವತ್ತು ಬಿಚ್ಚುಸ್ ನೋಡು ಅಂದ್ರು, ನೋಡ್ದೆ,” ಅಂಕಮ್ಮ ನೆಲ ಗೀರುತ್ತಾ ಅಂದಳು. “ನೋಡಲ್ಲ ಅಂದಿದ್ರೆ ನನ್ ಬೆನ್ ಚರ್ಮ ನಿಲ್ತಿರ್ನಿಲ್ಲ. ಆಸ್ಪತ್ರೆಗೆ ತೋರ್ಸಿ ಅಂತ ಅವತ್ತೇ ಏಳ್ದೆ. ನಾನ್ ಏಳಿದ್ರಲ್ಲಿ ಬಸುರಲ್ಲ ಅನ್ನೋದೊಂದೇ ಕೇಳುಸ್ತು ಅವ್ರಿಗೆ.”

ಪುಟ್ಟಮಾದಮ್ಮ ಬಟ್ಟೆ ತೆಗೆದುಕೊಂಡಳು. ಕುಡುಗೋಲಿನಲ್ಲಿ ಕೊಯ್ದಳು. ದನಗಳ ನಡುವೆ ಕೂತು ಸೂಜಿಯಲ್ಲಿ ಹೊಲಿದಳು. ಎಡತೋಳು ಊದಿತ್ತೆಂದು ಎಡಗಡೆ ತೋಳು ದೊಡ್ಡದು ಮಾಡಿದಳು. ಎದೆಯ ಕಡೆ ಎರಡು ಮಡಿಕೆ ಹಾಕಿ ಒಳಗೆ ಹತ್ತಿ ಇಡಲು ಜಾಗ ಬಿಟ್ಟಳು. ಮುಂದೆ ಎದೆಯ ಕೆಳಗೆ ಗಂಟು ಹಾಕುವಂತೆ ಎರಡು ತುದಿ ಉದ್ದ ಬಿಟ್ಟಳು. ಊರಿನ ಯಾವ ಹೆಂಗಸೂ ಅಂಥ ಕುಪ್ಪಸ ತೊಟ್ಟಿರಲಿಲ್ಲ. ಚೆಂದವೇನೂ ಇರಲಿಲ್ಲ. ಹುಣ್ಣಿನ ಅಳತೆಗೆ ಹೊಲಿದದ್ದು ಅದು.

ಮೊದಲ ಸೊಪ್ಪು ಮುರಿದ ದಿನ ಬೆಳಿಗ್ಗೆ ಅವಳು ಉಪ್ಪುನೀರಲ್ಲಿ ತೊಳೆದುಕೊಂಡಳು. ಹತ್ತಿ ಇಟ್ಟಳು. ಕುಪ್ಪಸ ತೊಟ್ಟು, ಬಲಗೈ ಮತ್ತು ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಬಿಳಿ ಸೀರೆ ಸುತ್ತಿದಳು. ಕೆಂಪು ತೋಳು ಎದ್ದು ಕಾಣುತ್ತಿತ್ತು. ಮುಚ್ಚಿಕೊಳ್ಳಲಿಲ್ಲ. ಅಂಗಳದ ಮಧ್ಯೆ ನಡೆದು ಹೋಗಿ ಚಪ್ಪರದ ಸಾಲಿನಲ್ಲಿ ಕೂತು ಒಂದು ಕೋಲು ಎಳೆದುಕೊಂಡಳು.

ಮಾತು ನಿಂತಿತು. ಪಕ್ಕದಲ್ಲಿ ಕೂತಿದ್ದ ಚಾಮುಂಡಮ್ಮ ಅವಳ ತೋಳು ನೋಡಿದಳು, ಮುಖ ನೋಡಿದಳು. ಸರಿದು ಹೋಗಲಿಲ್ಲ. ಎಲೆಯ ರಾಶಿಯನ್ನು ಸ್ವಲ್ಪ ಈ ಕಡೆಗೆ ತಳ್ಳಿದಳು.

ಷಣ್ಮುಖಪ್ಪ ಬೇಯಿಸುವ ಮನೆಯ ಒಲೆಯ ಹತ್ತಿರ ಸೌದೆ ಹಾಕಿಸುತ್ತಿದ್ದವನು ಬಂದ.

“ಏನದು ಮೈಮೇಲೆ?”

“ಕುಪ್ಪಸ.”

“ಎಲ್ಲಿ ಬಂತು?”

“ಅಂಕಮ್ಮ ಕೊಟ್ಳು.”

ಹೆಂಗಸರಲ್ಲಿ ಯಾರೋ ಶಿವಶಿವಾ ಅಂದರು. ಷಣ್ಮುಖಪ್ಪನ ಕುತ್ತಿಗೆಯ ನರ ಎದ್ದಿತು. “ಮುಂಡೆಮೈಗೆ ಕುಪ್ಪಸ, ಅದೂ ಒಲಗೇರೀದು! ಬಿಚ್ಚು.”

ಪುಟ್ಟಮಾದಮ್ಮ ಎಲೆಯ ತೊಟ್ಟುಗಳನ್ನು ಜೋಡಿಸಿ ದಾರ ಸುತ್ತಿದಳು.

“ಬಿಚ್ಚು ಅಂದೆ.”

“ಬಿಚ್ಚಲ್ಲ.”

ದನಿ ಏರಿರಲಿಲ್ಲ. ಬೀಸುವ ಕಲ್ಲಿಗೆ ಕಾಳು ಹಾಕುವಾಗ ಇರುವ ದನಿ. ಅವಳು ತಲೆ ಎತ್ತಿ ಭಾವನ ಮುಖ ನೋಡಿದಳು. ಸೊಸೆಯಾಗಿ ಬಂದ ಮೇಲೆ ಅವಳು ಆ ಮುಖವನ್ನು ನೇರ ನೋಡಿದ್ದು ಅದೇ ಮೊದಲು.

“ಗಂಡ ಸತ್ತ, ಬಿಚ್ಚು ಅಂದ್ರಿ. ಬಿಚ್ದೆ. ಕೊಟ್ಟಿಗೇಲಿ ಬಸುರು ನೋಡಾಕೆ ಬಿಚ್ಚು ಅಂದ್ರಿ. ಬಿಚ್ದೆ. ಬರೆ ಹಾಕಾಕೆ ಬಿಚ್ಚು ಅಂದ್ರಿ. ಬಿಚ್ದೆ. ಇನ್ ನಾನ್ ಬಿಚ್ಚಲ್ಲ ಬಾವ. ಬೇಕಾದ್ರೆ ನೀವೇ ಬಂದು ಬಿಚ್ಚಿ. ಇಲ್ಲೇ, ಎಲ್ರೆದುರ್ಗೂ. ಒಳಗೆ ಏನದೆ ನೋಡಿ. ನೀವ್ ಒಂದಿನಾನೂ ನೋಡಿಲ್ಲ.”

ಅವನು ಒಂದು ಹೆಜ್ಜೆ ಇಟ್ಟ. ನಿಂತ. ಇಡೀ ಚಪ್ಪರ ಅವನ ಕೈಗಳನ್ನೇ ನೋಡುತ್ತಿತ್ತು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಮನೆಯ ಕಡೆ ತಿರುಗಿ ಕೂಗಿದ. “ಅವ್ವಾ! ಬಾ ಇಲ್ಲಿ. ಇದ ಬಿಚ್ಚಾಕು.”

ವೀರಮ್ಮ ಬಂದಳು. ಸೊಂಟ ಬಗ್ಗಿದ ಮುದುಕಿ. ಒಂದು ಕೈ ಕೋಲಿಗೆ, ಒಂದು ಕೈ ಸೆರಗಿಗೆ. ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೋಲು ಕೆಳಗಿಟ್ಟು ಕೈ ಗಂಟಿನ ಮೇಲಿಟ್ಟಳು. ಬಟ್ಟೆ ಅವಳಿಗೆ ಗುರುತು ಸಿಕ್ಕಿತು. ಅವಳೇ ಪಿರಿಯಾಪಟ್ಟಣದ ಸಂತೆಯಲ್ಲಿ ಆರಿಸಿ ತಂದ ಬಟ್ಟೆ. ಅವಳೇ ಎಸೆದದ್ದು. ಗಂಟಿನ ಮೇಲಿದ್ದ ಕೈ ಸೊಸೆಯ ಎಡ ಎದೆಯ ಕಡೆ ಸರಿಯಿತು. ಹತ್ತಿಯ ಮೇಲೆ ನಿಂತಿತು. ಅಲ್ಲಿ ಬಿಸಿ ಇತ್ತು. ಮುದುಕಿ ಆ ಬಿಸಿಯನ್ನು ಮುಟ್ಟಿಕೊಂಡು ಬಹಳ ಹೊತ್ತು ಕೂತಳು. ಪುಟ್ಟಮಾದಮ್ಮ ಕಾದಳು. ಬಿಚ್ಚಿದರೆ ಮತ್ತೆ ಕಟ್ಟಿಕೊಳ್ಳುತ್ತೇನೆ, ಇನ್ನೊಮ್ಮೆ ಬಿಚ್ಚಿದರೆ ಇನ್ನೊಮ್ಮೆ ಕಟ್ಟಿಕೊಳ್ಳುತ್ತೇನೆ ಅಂತಷ್ಟೇ ಮನಸ್ಸಿನಲ್ಲಿತ್ತು.

ವೀರಮ್ಮ ಗಂಟು ಬಿಚ್ಚಿದಳು. ಎರಡು ತುದಿಗಳನ್ನೂ ಹಿಡಿದು ಎಳೆದಳು. ಬಿಗಿಯಾಗಿ, ಹತ್ತಿ ಅಲುಗದ ಹಾಗೆ, ಮತ್ತೆ ಗಂಟು ಹಾಕಿದಳು.

“ಸಡ್ಲ ಕಟ್ಕಂಡಿದ್ದೀಯೆ,” ಅಂದಳು. “ಜಾರ್ತದೆ.”

“ಅವ್ವಾ!” ಷಣ್ಮುಖಪ್ಪ ಅರಚಿದ.

“ಬಿಚ್ಚು ಅಂದಿ. ಬಿಚ್ದೆ. ಇನ್ ನಿನ್ ಕೆಲ್ಸ ನೋಡೋಗು.” ಮುದುಕಿ ಕೋಲೂರಿ ಎದ್ದಳು. ಏಳುವಾಗ ಸೆರಗು ಜಾರಿ ಒಣಗಿದ ಎದೆ ಎಲ್ಲರಿಗೂ ಕಂಡಿತು. ಅವಳು ಅದನ್ನು ಎಳೆದುಕೊಳ್ಳಲು ಅವಸರ ಮಾಡಲಿಲ್ಲ.

ಪುಟ್ಟಮಾದಮ್ಮನಿಗೆ ಅಳು ಬರಲಿಲ್ಲ. ಅತ್ತೆಯ ಮೇಲೆ ಪ್ರೀತಿಯೂ ಉಕ್ಕಲಿಲ್ಲ. ಗಂಟು ಹಾಕಿದ್ದು ಬರೆ ಎಳೆದ ಕೈಯೇ. ಆ ಕೈ ಹೀಗೆ ಎದೆಯ ಮೇಲೆ ಬಂದು ನಿಲ್ಲುತ್ತದೆ ಎಂದು ಗೊತ್ತಿದ್ದರೆ, ಅಡಿಕೆಯಷ್ಟಿದ್ದಾಗಲೇ ಗೆಡ್ಡೆಯನ್ನು ಆ ಕೈಗೇ ತೋರಿಸುತ್ತಿದ್ದಳು. ಈಗ ತೋರಿಸಲು ಉಳಿದಿದ್ದು ಹುಣ್ಣು.

“ಎಲೆ ಕೊಡು ಚಾಮುಂಡಕ್ಕ,” ಅಂದಳು.

ಚಾಮುಂಡಮ್ಮ ಎಲೆ ಕೊಟ್ಟಳು. ಒಂದೊಂದಾಗಿ ಮಾತು ಶುರುವಾಯಿತು. ಯಾರದೋ ಎಮ್ಮೆ ಯಾರದೋ ಹೊಲ ಮೇಯ್ದಿತ್ತಂತೆ. ಪುಟ್ಟಮಾದಮ್ಮ ಕೇಳುತ್ತಾ ಎಲೆ ಕಟ್ಟಿದಳು. ಬಿಸಿಲೇರಿದ ಮೇಲೆ ಹುಣ್ಣು ಜಿನುಗುವುದು ಅವಳಿಗೆ ತಿಳಿಯಿತು. ಬಗ್ಗಿ ನೋಡಿದಳು. ಹತ್ತಿ ನಿಂತಲ್ಲೇ ನಿಂತಿತ್ತು. ಬಿಳಿ ಸೀರೆಯ ಮೇಲೆ ಏನೂ ಇರಲಿಲ್ಲ. ಅವಳು ಇನ್ನೊಂದು ಕೋಲು ಎಳೆದುಕೊಂಡಳು.